ಕುರ್ಚಿಗೆ ದುಡ್ಡಿದೆ, ಅಡುಗೆ ಮಾಡೋಳಿಗೆ ಇಲ್ಲ

ಕಪ್ಪು ತಲೆ ಹುಳುವಿಗೆ ಪರೋಪಜೀವಿ ಬಿಟ್ಟ ಮೇಲೆ ತೆಂಗಿನ ತೋಟದಲ್ಲಿ ಏನಾಯ್ತು ಅಂತ ಈ ವಾರ ಬರೀತೀನಿ ಅಂದಿದ್ದೆ. ಗರಿ ಎಣಿಸಿ ಲೆಕ್ಕ ಇಟ್ಟಿದ್ದೀನಿ, ಹಾಕ್ತೀನಿ. ಆದ್ರೆ ಡೇರಿ ಸರ್ವಸದಸ್ಯರ ಸಭೆ ನೋಟೀಸು ಬಂದುಬಿಡ್ತು. ಸಭೆ ಆದ ಮೇಲೆ ಈ ವಿಷಯ ಬರೆದರೆ ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ. ಹಾಗಾಗಿ ಹುಳ ಕಾಯಲಿ. ಬರಹ ಉದ್ದ ಇದೆ, ಹಾಲು ಹಾಕಿ ಬಂದು ನಿಧಾನಕ್ಕೆ ಓದಿ. ಬೈಯೋದಿದ್ರೆ ಪೂರ್ತಿ ಓದಿ ಬೈಯಿರಿ.

ನಮ್ಮೂರ ಹಿಂದಲ ಬೀದಿಯಲ್ಲಿ ಒಬ್ಬ ಅಜ್ಜಿ. ಎಂಬತ್ತು ದಾಟಿದೆ. ಗಂಡ ಇಲ್ಲ, ಮಗ ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಾನೆ, ಮಗಳು ಕಡೂರು ಕಡೆ. ಅಜ್ಜಿ ಹತ್ರ ಒಂದು ಹಸು ಇತ್ತು. ದಿನಕ್ಕೆ ಎರಡು ಹೊತ್ತೂ ಸೇರಿ ಮೂರು ಲೀಟರ್ ಹಾಲು ಹಾಕ್ತಿತ್ತು, ಅದೂ ಹಸು ಮನಸ್ಸು ಮಾಡಿದ್ರೆ. ಹಿಂಡಿ, ಬೂಸಾ ಲೆಕ್ಕ ಹಾಕಿದ್ರೆ ನಷ್ಟವೇ. ನಾನೇ ಎಷ್ಟೋ ಸಾರಿ ಹೇಳಿದ್ದೆ, "ಮಾರಬಿಡಜ್ಜಿ, ಯಾಕೆ ಈ ವಯಸ್ಸಲ್ಲಿ ಹುಲ್ಲು ಹೊರ್ತೀಯ" ಅಂತ. ಬುದ್ಧಿವಂತಿಕೆ ಹೇಳಿದೆ ಅಂದ್ಕೊಂಡಿದ್ದೆ. ಕೊನೆಗೆ ಮಗ ಬಂದು ಹಸು ಮಾರಿಸಿ ಹೋದ.

ಹಸು ಹೋದ ಮೇಲೆ ಗೊತ್ತಾಗಿದ್ದು, ಆ ಅಜ್ಜಿ ಹಾಲಿನ ದುಡ್ಡಿಗೆ ಹಸು ಕಟ್ಟಿರಲಿಲ್ಲ. ಬೆಳಿಗ್ಗೆ ಆರೂವರೆಗೆ, ಸಾಯಂಕಾಲ ಆರಕ್ಕೆ ಡೇರಿ ಹತ್ರ ಬಂದು ಕ್ಯಾನು ಹಿಡ್ಕೊಂಡು ನಿಂತರೆ ನಾಲ್ಕು ಜನ ಮಾತಾಡಿಸ್ತಿದ್ರು. ಟೆಸ್ಟರ್ ಹುಡುಗ "ಅಜ್ಜಿ ನಿನ್ ಹಾಲು ನೀರಾಗೈತೆ" ಅಂತ ರೇಗಿಸ್ತಿದ್ದ, ಅಜ್ಜಿ ಅವನ ತಾತನ ಕಾಲದ ಕಥೆ ತೆಗೆದು ತಿರುಗಿ ಬೈತಿತ್ತು. ದಿನಕ್ಕೆ ಎರಡು ಸಾರಿ ಊರಿಗೆ ಅಜ್ಜಿಯ ಹಾಜರಿ ಆಗ್ತಿತ್ತು. ಹಸು ಮಾರಿದ ಮೇಲೆ ಹಾಜರಿ ಪುಸ್ತಕದಲ್ಲಿ ಆ ಹೆಸರೇ ಇಲ್ಲ. ಒಂದು ತಿಂಗಳು ಕಳೆದಿರಲಿಲ್ಲ, ಬಚ್ಚಲ ಹತ್ರ ಜಾರಿ ಬಿದ್ದು ತೊಡೆ ಮೂಳೆ ಮುರೀತು. ಬಿದ್ದಿದ್ದು ಸೋಮವಾರ ಸಾಯಂಕಾಲ, ಕಂಡಿದ್ದು ಬುಧವಾರ ಬೆಳಿಗ್ಗೆ, ಅದೂ ಹಿತ್ತಲ ಕಡೆ ಬಿದ್ದಿದ್ದ ಚೆಂಡು ಹುಡುಕೋಕೆ ಹೋದ ಹುಡುಗರಿಗೆ. ನಮ್ಮನೆಯಿಂದ ಆ ಮನೆಗೆ ಇನ್ನೂರು ಹೆಜ್ಜೆ ಇಲ್ಲ. ಆ ಮಂಗಳವಾರ ನಾನು ಅದೇ ಬೀದಿಯಲ್ಲಿ ಟ್ರ್ಯಾಕ್ಟರ್ ತಗೊಂಡು ಎರಡು ಸಾರಿ ಓಡಾಡಿದ್ದೀನಿ.

ಇದು ಆಗಿ ಎರಡು ವಾರಕ್ಕೆ ನಮ್ಮೂರ ಸ್ತ್ರೀಶಕ್ತಿ ಸಂಘದ ಐದು ಜನ ಹೆಣ್ಣುಮಕ್ಕಳು ಒಂದು ಕೆಲಸ ಮಾಡಿದ್ರು. ಊರಲ್ಲಿ ಒಬ್ಬೊಬ್ಬರೇ ಇರೋ ವಯಸ್ಸಾದವರ ಪಟ್ಟಿ ಬರೆದ್ರು. ಹನ್ನೊಂದು ಜನ. ನೂರಾ ಎಂಬತ್ತು ಮನೆ ಊರಲ್ಲಿ ಹನ್ನೊಂದು ಜನ ರಾತ್ರಿ ಒಬ್ಬರೇ ಬಾಗಿಲು ಹಾಕ್ಕೊಂಡು ಮಲಗ್ತಾರೆ ಅನ್ನೋದು ಪಟ್ಟಿ ನೋಡೋ ತನಕ ನನಗೂ ಹೊಳೆದಿರಲಿಲ್ಲ. ನಿಮ್ಮೂರದ್ದು ಒಂದು ಸಾರಿ ಎಣಿಸಿ ನೋಡಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೋಟ ಇರೋ ಊರುಗಳಲ್ಲಿ ಕಥೆ ಬೇರೆ ಇರೋಕಿಲ್ಲ. ಮರ ಕಾಯೋಕೆ ಅಪ್ಪ ಅಮ್ಮ ಊರಲ್ಲಿ, ಮಕ್ಕಳು ನೆಲಮಂಗಲದ ಆಚೆ.

"ಈಗ ಬಡತನ ಎಲ್ಲಿದೆ ಸ್ವಾಮಿ" ಅಂತ ಕೇಳೋರಿದ್ದಾರೆ. ಸಂಧ್ಯಾ ಸುರಕ್ಷಾ 1,200 ರೂಪಾಯಿ ಬರುತ್ತೆ, ಯಜಮಾನಿ ಅಂತ ಕಾರ್ಡಲ್ಲಿ ಇದ್ರೆ ಗೃಹಲಕ್ಷ್ಮಿ 2,000 ಬರುತ್ತೆ, ಅಕ್ಕಿ ಬರುತ್ತೆ. ಸರಿ, ಬರುತ್ತೆ, ನಾನೇನೂ ಆ ದುಡ್ಡು ಸಣ್ಣದು ಅನ್ನಲ್ಲ. ಆದ್ರೆ ಹೆಬ್ಬೆಟ್ಟು ಸವೆದು ಮಿಷಿನ್ನು ತಗೊಳ್ಳದೆ ಇದ್ರೆ ಜೊತೆಗೆ ಹೋಗಿ ಜಗಳ ಆಡೋರು ಬೇಕು. ಬ್ಯಾಂಕಿಗೆ ಕರ್ಕೊಂಡು ಹೋಗೋರು ಬೇಕು. ಒಬ್ಬರಿಗೆ ಮುದ್ದೆ ತೊಳೆಸೋಕೆ ಯಾರಿಗೂ ಮನಸ್ಸು ಬರಲ್ಲ ಕಣ್ರೀ, ನೀವೇ ಯೋಚನೆ ಮಾಡಿ. ಬೆಳಿಗ್ಗೆ ಒಂದು ಪಾವು ಅನ್ನ ಬೇಯಿಸಿಟ್ಟು ಮೂರು ಹೊತ್ತೂ ಅದಕ್ಕೇ ಮಜ್ಜಿಗೆ, ಉಪ್ಪು. ಮೂಟೆಯಲ್ಲಿ ಅಕ್ಕಿ ಇರುತ್ತೆ, ಮೈಯಲ್ಲಿ ರಕ್ತ ಇರಲ್ಲ. ಬಡತನ ಯಾವುದು, ಯಾರೂ ಇಲ್ಲದಿರೋದು ಯಾವುದು ಅಂತ ಆ ವಯಸ್ಸಲ್ಲಿ ಬೇರೆ ಮಾಡೋಕೆ ಆಗಲ್ಲ.

ಆ ಹೆಣ್ಣುಮಕ್ಕಳು ಹಳೇ ಅಂಗನವಾಡಿ ಕಟ್ಟಡದಲ್ಲಿ ಒಲೆ ಹಚ್ಚಿದ್ರು. ಮಧ್ಯಾಹ್ನ ಒಂದು ಹೊತ್ತು, ಭಾನುವಾರ ಬಿಟ್ಟು. ಮುದ್ದೆ, ಸಾರು, ಒಂದು ಹಿಡಿ ಅನ್ನ, ಮಜ್ಜಿಗೆ. ನಡೆಯೋಕಾಗೋರು ಬರೋದು, ಆಗದೆ ಇರೋರಿಗೆ ಕ್ಯಾರಿಯರ್. ಕ್ಯಾರಿಯರ್ ತಗೊಂಡು ಹೋದೋಳು ಒಳಗೆ ಹೋಗಿ ಕೂತು, ಮಾತ್ರೆ ತಗೊಂಡ್ರಾ ನೋಡಿ, ಹಿಂದಿನ ದಿನದ ಪಾತ್ರೆ ತರಬೇಕು. ಇದು ಅವರೇ ಮಾಡ್ಕೊಂಡ ನಿಯಮ. ಮೂಳೆ ಮುರಿದ ನಮ್ಮಜ್ಜಿಗೂ ಈಗ ಕ್ಯಾರಿಯರೇ. ದಿನಾ ಸಾರಿಗೆ ಉಪ್ಪಿಲ್ಲ ಅಂತ ದೂರು. ಆ ಉಪ್ಪಿನ ಪಂಚಾಯ್ತಿಯೇ ಅರ್ಧ ಗಂಟೆ ನಡೆಯುತ್ತೆ, ತಂದೋಳನ್ನ ಎದ್ದು ಹೋಗೋಕೆ ಬಿಡಲ್ಲ. ಉಪ್ಪು ಸರಿಯಾಗೇ ಇರುತ್ತೆ, ನಾನು ತಿಂದು ನೋಡಿದ್ದೀನಿ.

ಒಂದು ವಿಷಯ ಮುಚ್ಚಿಡಬಾರದು. ಅಡುಗೆಗೆ ನಿಂತ ಇಬ್ಬರಲ್ಲಿ ಒಬ್ಬಳು ಕೇರಿಯವಳು. ಮೊದಲ ವಾರ ಹನ್ನೊಂದರಲ್ಲಿ ಮೂರು ಜನ ಊಟಕ್ಕೆ ಬರಲಿಲ್ಲ. ಯಾಕೆ ಅಂತ ಬಿಡಿಸಿ ಹೇಳಬೇಕಾ? ಆ ಮೂವರಲ್ಲಿ ಒಬ್ಬರು ನನ್ನ ಸೋದರತ್ತೆ. ಸಂಘದವರು ಅಡುಗೆಯವಳನ್ನ ಬದಲಾಯಿಸಲಿಲ್ಲ, "ಹಸಿವಾದಾಗ ಬರ್ಲಿ" ಅಂದ್ರು. ಇಬ್ಬರು ಹದಿನೈದು ದಿನಕ್ಕೆ ಬಂದ್ರು. ನಮ್ಮತ್ತೆ ಇವತ್ತಿಗೂ ಬಂದಿಲ್ಲ. ಅವರಿಗೆ ನಾನೇ ಹೋಗಿ ಊಟ ಕೊಟ್ಟು ಬರ್ತೀನಿ, ಹೋದಾಗೆಲ್ಲಾ ಜಗಳ ಆಡಿ ಬರ್ತೀನಿ. ಒಂಟಿತನಕ್ಕೆ ಮಕ್ಕಳು ಊರು ಬಿಟ್ಟಿದ್ದು ಒಂದೇ ಕಾರಣ ಅಲ್ಲ, ನಾವೇ ನಮ್ಮ ಸುತ್ತ ಕಟ್ಕೊಂಡ ಬೇಲಿನೂ ಒಂದು. ಅದನ್ನ ಕೇಳೋ ಕಾಲಂ ಯಾವ ಅರ್ಜಿ ಫಾರಂನಲ್ಲೂ ನಾನು ನೋಡಲಿಲ್ಲ.

ಅರ್ಜಿ ವಿಷಯಕ್ಕೇ ಬರ್ತೀನಿ, ಯಾಕಂದ್ರೆ ಅರ್ಜಿ ಬರೆದು ಓಡಾಡಿದ್ದು ನಾನು. ಲೆಕ್ಕ ಹೀಗಿದೆ. ಅಕ್ಕಿ ಅವರವರದ್ದೇ ಸ್ವಲ್ಪ ಸ್ವಲ್ಪ ತಂದು ಹಾಕ್ತಾರೆ. ರಾಗಿ ನಾವು ಒಂದಷ್ಟು ಜನ ಕೊಟ್ಟಿದ್ದೀವಿ. ಉಳಿದ ಬೇಳೆ, ಎಣ್ಣೆ, ತರಕಾರಿ, ಖಾರ ಎಲ್ಲಾ ಸೇರಿ ತಿಂಗಳಿಗೆ 4,200. ಗ್ಯಾಸು 1,800. ಅಡುಗೆ ಮಾಡಿ, ಬಡಿಸಿ, ಕ್ಯಾರಿಯರ್ ತಗೊಂಡು ಹೋಗೋ ಇಬ್ಬರಿಗೆ ತಲಾ 3,000. ಒಟ್ಟು 12,000. ವರ್ಷಕ್ಕೆ 1,44,000. ದಿನಸಿ, ಗ್ಯಾಸಿನ ಅರ್ಧ ಭಾಗ ಊರಲ್ಲೇ ಎತ್ತುತೀವಿ, ಇಬ್ಬರ ಸಂಬಳ 72,000 ಯಾರಾದ್ರೂ ಕೊಡಿ ಅಂತ ಕೇಳಿದ್ವಿ. ಒಂದು ಹೈಮಾಸ್ಟ್ ದೀಪ ನಿಲ್ಲಿಸೋಕೆ ಇದಕ್ಕಿಂತ ಜಾಸ್ತಿ ಖರ್ಚು ಬೀಳುತ್ತೆ.

ಮೊದಲು ಪಂಚಾಯ್ತಿ. ಅಲ್ಲಿ ಕೂತಿದ್ದೋರು ಒಳ್ಳೆಯವರೇ, ಕೂರಿಸಿ ಟೀ ಕೊಟ್ರು. ಆದ್ರೆ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯೋ ನೀರು, ನೈರ್ಮಲ್ಯಕ್ಕೆ ಅಂತ ಕಟ್ಟಿಹಾಕಿದ್ದು. ಉಳಿದ 40 ಊರಿನ ಅಗತ್ಯ ನೋಡಿ ಖರ್ಚು ಮಾಡಬಹುದಿತ್ತು, ಆದ್ರೆ ಸಂಬಳಕ್ಕೆ ಮಾತ್ರ ಬಳಸೋ ಹಾಗಿಲ್ಲ ಅಂತ ನಿಯಮವೇ ಇತ್ತು. "ಅದೇ ಕಟ್ಟಡಕ್ಕೆ ಟೈಲ್ಸ್ ಹಾಕಿಸಿ ಅಂತ ಬರೆದುಕೊಡಿ, ನೋಡೋಣ" ಅಂದ್ರು. ಟೈಲ್ಸ್ ಮೇಲೆ ಅಜ್ಜಿ ಇನ್ನೊಂದು ಸಾರಿ ಜಾರಲಿ ಅಂತಲೋ ಏನೋ.

ಆಮೇಲೆ ಮಹಿಳಾ ಒಕ್ಕೂಟ. ಅಲ್ಲಿಗೆ ಬರೋ ಸುತ್ತು ನಿಧಿ, ಸಮುದಾಯ ಬಂಡವಾಳ ನಿಧಿ ಎರಡೂ ಸಂಘಗಳ ಒಳಗೆ ಸಾಲ ತಿರುಗೋಕೆ ಇರೋದು, ಅದನ್ನ ನಾನು ಕೇಳೋದೂ ತಪ್ಪು. ಆದ್ರೆ ವಿ.ಆರ್.ಎಫ್. ಅಂತ ಇನ್ನೊಂದು ನಿಧಿ ಇದೆ. ಅನ್ನಕ್ಕೆ, ಕಾಯಿಲೆಗೆ ದಿಕ್ಕಿಲ್ಲದ ಮನೆಗಳ ಸಲುವಾಗಿಯೇ ಇಟ್ಟಿದ್ದು. ಕೇಳಿದ್ರೆ, "ಕೊಡಬಹುದು ಅಣ್ಣ, ಆದ್ರೆ ವಾಪಸ್ ಕಂತು ಯಾರು ಕಟ್ತಾರೆ?" ಅಂದ್ರು. ದಿಕ್ಕಿಲ್ಲದೋರ ನಿಧಿಗೂ ಕಂತು! ಅವರದ್ದೂ ತಪ್ಪಲ್ಲ ಅನ್ನಿಸ್ತು, ಪುಸ್ತಕದಲ್ಲಿ ದುಡ್ಡು ತಿರುಗದೆ ನಿಂತರೆ ಮೇಲಿನೋರು ಪ್ರಶ್ನೆ ಕೇಳೋದು ಇವರನ್ನೇ.

ಮೂರನೇದು ಒಂದು ಕಾರ್ಖಾನೆ. ಸಿ.ಎಸ್.ಆರ್. ದುಡ್ಡು ಇದೆ ಅಂತ ಯಾರೋ ಹೇಳಿದ್ರು. ಇದರ ಕಾನೂನು ಸ್ವಲ್ಪ ಓದ್ಕೊಂಡೆ, ನೀವೂ ತಿಳ್ಕೊಳ್ಳಿ, ಕೆಲಸಕ್ಕೆ ಬರುತ್ತೆ. 2013ರ ಕಂಪನಿ ಕಾಯ್ದೆ 135ನೇ ಕಲಂ ಪ್ರಕಾರ 500 ಕೋಟಿ ನಿವ್ವಳ ಆಸ್ತಿ, ಇಲ್ಲ 1,000 ಕೋಟಿ ವಹಿವಾಟು, ಇಲ್ಲ 5 ಕೋಟಿ ನಿವ್ವಳ ಲಾಭ ಇರೋ ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸ ಅಂತ 7ನೇ ಅನುಸೂಚಿಯಲ್ಲಿ ಪಟ್ಟಿ ಇದೆ. ಮೊದಲ ಸಾಲಲ್ಲೇ ಹಸಿವು, ಬಡತನ, ಅಪೌಷ್ಟಿಕತೆ. ಇನ್ನೊಂದು ಸಾಲಲ್ಲಿ ವೃದ್ಧರ ಹಗಲು ಆರೈಕೆ ಕೇಂದ್ರ ಅಂತ ಅಚ್ಚಾಗಿದೆ. ನಮ್ಮ ಹಳೇ ಅಂಗನವಾಡಿಯಲ್ಲಿ ನಡೀತಿರೋದು ಅದೇ ತಾನೇ? ಖುಷಿಯಾಗಿ ಹೋದೆ.

ಕೇಳಿದ ಕಾಗದ: ಟ್ರಸ್ಟ್ ಅಥವಾ ಸೊಸೈಟಿ ನೋಂದಣಿ, ಆದಾಯ ತೆರಿಗೆಯ 12ಎ, 80ಜಿ, 2021ರಿಂದ ಕಡ್ಡಾಯ ಆಗಿರೋ ಸಿ.ಎಸ್.ಆರ್.-1 ನೋಂದಣಿ ಸಂಖ್ಯೆ, ಇಂಥದೇ ಕೆಲಸ ಮೂರು ವರ್ಷ ಮಾಡಿದ್ದಕ್ಕೆ ದಾಖಲೆ, ಮೂರು ವರ್ಷದ ಆಡಿಟ್. 72 ಲಕ್ಷ ಕೇಳೋ ಸಂಸ್ಥೆಗೂ ಇದೇ ಕಾಗದ, 72 ಸಾವಿರ ಕೇಳೋ ನಮಗೂ ಇದೇ ಕಾಗದ. ಇದನ್ನೆಲ್ಲಾ ಮಾಡಿಸೋಕೆ ಆಡಿಟರ್ ಹತ್ರ ವಿಚಾರಿಸಿದೆ. ಅವರ ಫೀಜು ಕೇಳಿದ ಮೇಲೆ, ಮೊದಲು ಆಡಿಟರಿಗೆ ಕೊಡೋಕೆ ಯಾರ ಹತ್ರನಾದ್ರೂ ಅನುದಾನ ಕೇಳಬೇಕು ಅನ್ನಿಸ್ತು.

ಕಾರ್ಖಾನೆಯವರು ಬರಿಗೈಲಿ ಕಳಿಸಲಿಲ್ಲ ಅನ್ನಿ. ಅವರ ಜೊತೆ ಕೆಲಸ ಮಾಡೋ ಸಂಸ್ಥೆ ಮೂಲಕ ನಿಮ್ಮೂರಿಗೆ 20 ಕುರ್ಚಿ, ಒಂದು ನೀರಿನ ಫಿಲ್ಟರ್ ಕೊಡ್ತೀವಿ ಅಂದ್ರು. ಕೊಟ್ಟರು ಕೂಡಾ. ಕುರ್ಚಿ ಬೆನ್ನಿಗೆ ಹೆಸರು, ಫಿಲ್ಟರಿಗೆ ಹೆಸರು, ಬಾಗಿಲಿಗೆ ಬ್ಯಾನರು. ಹನ್ನೊಂದು ಜನರನ್ನೂ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದ್ರು. ಕ್ಯಾರಿಯರ್ ಊಟದವರೂ ಬೇಕು ಅಂತ ಇಬ್ಬರನ್ನ ಆಟೋದಲ್ಲಿ ಕರೆಸಿದ್ರು. ನಾನು ಸುಮ್ಮನೆ ನಿಂತು ನೋಡಿದೆ, ಅದಕ್ಕೆ ನನಗೆ ನಾನೇ ಬೈಕೊಂಡಿದ್ದೀನಿ. ಹನ್ನೊಂದು ಜನಕ್ಕೆ 20 ಕುರ್ಚಿ. ಅವರಲ್ಲಿ ಅರ್ಧ ಜನ ನೆಲದ ಮೇಲೆ ಕೂತು ಉಣ್ಣೋರು.

ನಾಲ್ಕನೇದು ಬೆಂಗಳೂರಿನ ಒಂದು ಫೌಂಡೇಶನ್. ಸಣ್ಣ ಗುಂಪುಗಳಿಗೆ ಸಣ್ಣ ಅನುದಾನ ಅಂತಲೇ ಕರೆದಿದ್ರು. ಫಾರಂ ಹದಿನಾಲ್ಕು ಪುಟ, ಪೂರ್ತಿ ಇಂಗ್ಲಿಷು. ನನ್ನ ಅಣ್ಣನ ಮಗಳು ಕೂತು ತುಂಬಿದಳು. ಒಂದು ಪ್ರಶ್ನೆ: ಮೂರನೇ ವರ್ಷದ ಕೊನೆಗೆ ನಿಮ್ಮ ಯೋಜನೆ ಹೊರಗಿನ ನೆರವಿಲ್ಲದೆ ತಾನೇ ನಿಲ್ಲುವುದು ಹೇಗೆ? ಎಂಬತ್ತೆರಡು ವರ್ಷದ ಮುದುಕಿ ಮೂರನೇ ವರ್ಷಕ್ಕೆ ತಾನೇ ನಿಲ್ಲೋದು ಹೇಗೆ ಅಂತ ನಾನು ಏನು ಬರೀಲಿ? ಮೂರನೇ ವರ್ಷಕ್ಕೆ ಅವರು ಇರ್ತಾರೋ ಇಲ್ವೋ. ಇನ್ನೊಂದು ಪ್ರಶ್ನೆ: ಫಲಾನುಭವಿಗಳ ಸಂಖ್ಯೆ ಪ್ರತಿ ವರ್ಷ ಎಷ್ಟು ಏರುತ್ತೆ? ಅಂದ್ರೆ ನಮ್ಮೂರಲ್ಲಿ ಒಂಟಿ ಮುದುಕರು ವರ್ಷ ವರ್ಷ ಜಾಸ್ತಿ ಆದ್ರೆ ನಾವು ಪಾಸು. "ಸಿಬ್ಬಂದಿ ವೆಚ್ಚ ಒಟ್ಟು ಮೊತ್ತದಲ್ಲಿ ನೂರಕ್ಕೆ ಹತ್ತು ಮೀರಬಾರದು" ಅಂತ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಹುಡುಗಿ ಪೆನ್ನು ಕೆಳಗಿಟ್ಟು, "ಚಿಕ್ಕಪ್ಪ, ಇದು ನಮಗಲ್ಲ" ಅಂದಳು.

ನಾಲ್ಕು ಬಾಗಿಲು ತಟ್ಟಿ ಬಂದ ಮೇಲೆ ನನಗೆ ಗೊತ್ತಾಗಿದ್ದು ಒಂದೇ. ಕೊಡೋರಿಗೆ ವಸ್ತು ಅಂದ್ರೆ ನಂಬಿಕೆ, ಮನುಷ್ಯರು ಅಂದ್ರೆ ಅನುಮಾನ. ಕುರ್ಚಿ ಕೊಟ್ರೆ ಬಿಲ್ಲು ಸಿಗುತ್ತೆ, ಎಣಿಸಬಹುದು, ಫೋಟೋ ಬರುತ್ತೆ, ಹೆಸರು ಬರೆಸಬಹುದು. ಒಬ್ಬ ಹೆಣ್ಣುಮಗಳು ಮೂರು ಗಂಟೆ ಬೆಂಕಿ ಮುಂದೆ ನಿಂತು, ಆಮೇಲೆ ನಾಲ್ಕು ಮನೆ ತಿರುಗಿ ಮಾತಾಡಿಸಿ ಬಂದಿದ್ದಕ್ಕೆ ಬಿಲ್ಲು ಎಲ್ಲಿದೆ? ಅವಳ ಬೆನ್ನ ಮೇಲೆ ಹೆಸರು ಬರೆಸೋಕಾಗುತ್ತಾ? ಆದ್ರೆ ಒಂಟಿತನ ಅನ್ನೋ ರೋಗಕ್ಕೆ ಔಷಧಿ ಇರೋದೇ ಬಾಗಿಲು ತಟ್ಟಿ ಒಳಗೆ ಬರೋ ಇನ್ನೊಬ್ಬ ಮನುಷ್ಯನಲ್ಲಿ. ಆ ಒಂದು ಸಾಲನ್ನೇ ಖರ್ಚು ಅಂತ ಹೊಡೆದು ಹಾಕಿ, ಉಳಿದದ್ದಕ್ಕೆಲ್ಲಾ ದುಡ್ಡು ಕೊಡ್ತೀವಿ ಅಂದ್ರೆ, ಬೋರಿಗೆ ಪೈಪು, ಕೇಬಲ್ಲು, ಸ್ಟಾರ್ಟರ್ ಎಲ್ಲಾ ಕೊಡಿಸಿ ಮೋಟಾರ್ ಮಾತ್ರ ಕೊಡಲ್ಲ ಅಂದ ಹಾಗೆ.

"ಕಾನೂನಲ್ಲೇ ಸಂಬಳಕ್ಕೆ ಅವಕಾಶ ಇಲ್ಲ" ಅಂತ ಕಾರ್ಖಾನೆಯ ಆ ಸಾಹೇಬರು ನನಗೆ ಹೇಳಿದ್ರು. ನಾನೂ ನಂಬಿದ್ದೆ. ಆಮೇಲೆ ನಿಯಮ ತೆಗೆದು ನೋಡಿದ್ರೆ, ಆಡಳಿತ ವೆಚ್ಚ ನೂರಕ್ಕೆ 5 ಮೀರಬಾರದು ಅಂತ ಇರೋದು ನಿಜ. ಆದ್ರೆ ಅದು ಕಂಪನಿ ತನ್ನ ಆಫೀಸಿನಲ್ಲಿ ಸಿ.ಎಸ್.ಆರ್. ಕೆಲಸ ನೋಡ್ಕೊಳ್ಳೋಕೆ ಮಾಡೋ ಖರ್ಚಿಗೆ ಹಾಕಿದ ಮಿತಿ. ಒಂದು ಯೋಜನೆ ನಡೆಸೋಕೆ ನೇರವಾಗಿ ಆಗೋ ಖರ್ಚು ಅದರಲ್ಲಿ ಸೇರಲ್ಲ ಅಂತ ಅದೇ ನಿಯಮದಲ್ಲಿ ಬಿಡಿಸಿ ಬರೆದಿದ್ದಾರೆ. ಅಂದ್ರೆ ಅಡುಗೆಯವಳ ಸಂಬಳಕ್ಕೆ ಕಾನೂನು ಅಡ್ಡ ಇಲ್ಲ, ಮನಸ್ಸು ಅಡ್ಡ. ನಿಮ್ಮೂರಲ್ಲೂ ಇಂಥ ಗುಂಪು ಯಾವುದಾದ್ರೂ ಅರ್ಜಿ ಹಾಕ್ತಿದ್ರೆ ಈ ಮಾತು ನೆನಪಿಟ್ಕೊಂಡು ಹೋಗಿ. ಸಂಬಳದ ಸಾಲು ಮೊದಲನೇ ಸಾಲಾಗಿ ಬರೀರಿ, ಕೊನೆಯಲ್ಲಿ ನಾಚ್ಕೊಂಡು ಬರೀಬೇಡಿ. ಕುರ್ಚಿ ಕೊಡ್ತೀವಿ ಅಂದ್ರೆ ಬೇಡ ಅನ್ನಿ. ನಾವು ಬೇಡ ಅನ್ನಲಿಲ್ಲ. ಈಗ ಅವರ ವರದಿಯಲ್ಲಿ ನಮ್ಮೂರು "ಆಗಿದೆ" ಅನ್ನೋ ಪಟ್ಟಿಯಲ್ಲಿದೆ. ಮತ್ತೆ ಹೋಗಿ ಕೇಳಿದ್ರೆ "ನಿಮ್ಮೂರಿಗೆ ಕೊಟ್ಟಿದ್ದೀವಲ್ಲ" ಅಂತಾರೆ.

ಇನ್ನೊಂದು ಮಾತು ಊರೊಳಗೇ ಕೇಳ್ತೀನಿ. "ಇದು ಸೇವೆ ಕಣಯ್ಯ, ಸೇವೆಗೆ ದುಡ್ಡು ಕೇಳ್ತಾರಾ?" ಹೇಳೋರು ಯಾರು ನೋಡಿ, ಎಲ್ಲಾ ಗಂಡಸರೇ. ಕಾಯಿ ಕೆಡವೋನಿಗೆ ಮರಕ್ಕೆ ಇಷ್ಟು ಅಂತ ಕೊಡ್ತೀವಿ. ಸುಲಿಯೋನಿಗೆ ಸಾವಿರ ಕಾಯಿಗೆ ಇಷ್ಟು. ದೇವಸ್ಥಾನದಲ್ಲಿ ನಾದಸ್ವರ ಊದೋನಿಗೂ ಕೈಗೆ ದುಡ್ಡು ಇಟ್ಟೇ ಕಳಿಸೋದು. ಹೆಂಗಸು ಅನ್ನ ಬೇಯಿಸಿ ಹಾಕಿದ್ರೆ ಮಾತ್ರ ಅದು ಸೇವೆ ಆಗಿಬಿಡುತ್ತೆ. ಬಿಸಿಯೂಟದ ಅಡುಗೆಯವರಿಗೆ ಸರ್ಕಾರ ಕೊಡೋದಕ್ಕೂ "ಗೌರವಧನ" ಅಂತ ಹೆಸರು, ಸಂಬಳ ಅಂದ್ರೆ ಎಲ್ಲಿ ಪೂರ್ತಿ ಕೊಡಬೇಕಾಗುತ್ತೋ ಅಂತ. ನಮ್ಮ ಅಡುಗೆಯವರು ಇಬ್ಬರೂ ಐದು ತಿಂಗಳು ಪುಗಸಟ್ಟೆ ದುಡಿದ್ರು. ಒಬ್ಬಳು ಹೋದ ತಿಂಗಳು ಬಿಟ್ಟಳು. ರಾಗಿ ಕಳೆ ತೆಗೆಯೋಕೆ ಹೋದರೆ ದಿನಕ್ಕೆ 400 ಸಿಗುತ್ತೆ, ಅವಳ ಮಗಳದ್ದು ಕಾಲೇಜು ಫೀಜು ಕಟ್ಟಬೇಕಿತ್ತು. ನನ್ನ ಹೊಲಕ್ಕೇ ಬಂದಿದ್ದಳು ಕಳೆಗೆ. ಕೂಲಿ ಎಣಿಸಿ ಕೊಡ್ತಾ ನನಗೆ ಅವಳ ಮುಖ ನೋಡೋಕಾಗಲಿಲ್ಲ. ಈಗ ಊಟ ವಾರಕ್ಕೆ ಮೂರು ದಿನಕ್ಕೆ ಇಳಿದಿದೆ. ಇನ್ನೊಬ್ಬಳು ದಸರಾ ತನಕ ನೋಡ್ತೀನಿ ಅಂದಿದ್ದಾಳೆ.

"ಮಕ್ಕಳು ನೋಡ್ಕೋಬೇಕು, ಊರೋರಿಗೇನು?" ಅನ್ನೋರೂ ಇದ್ದಾರೆ. ನೋಡ್ಕೋಬೇಕು, ನಿಜ. ತಂದೆ ತಾಯಿ ಜೀವನಾಂಶಕ್ಕೆ 2007ರಲ್ಲೇ ಕಾನೂನು ಬಂದಿದೆ, ಉಪವಿಭಾಗಾಧಿಕಾರಿ ಹತ್ರ ಅರ್ಜಿ ಕೊಡಬಹುದು. ಹೆತ್ತ ಮಗನ ಮೇಲೆ ತಿಪಟೂರಿಗೆ ಹೋಗಿ ಅರ್ಜಿ ಕೊಡೋ ತಾಯಿನ ನಾನಂತೂ ಕಂಡಿಲ್ಲ. ಇನ್ನು ಆ ಮಗ. ಬಾಡಿಗೆ ಮನೆ, ಕ್ಯಾಬಿನ ಕಂತು, ಮಕ್ಕಳ ಸ್ಕೂಲು. ಕೆಟ್ಟವನಲ್ಲ, ತಿಂಗಳಿಗೊಂದು ಸಾರಿ ಬರ್ತಾನೆ. ಬಿದ್ದ ಅಮ್ಮನ್ನ ಎತ್ತೋಕೆ ತಿಂಗಳಿಗೊಂದು ಸಾರಿ ಬಂದ್ರೆ ಸಾಕಾಗಲ್ಲ ಅಷ್ಟೇ.

ಸರಿ, ಕೊಡೋರನ್ನ ಬೈದಿದ್ದಾಯ್ತು. ಈಗ ನಮ್ಮ ಸರದಿ.

ಪಕ್ಕದ ಕೇರಳದಲ್ಲಿ ಕೋಳಿಕ್ಕೋಡ್, ಮಲಪ್ಪುರಂ ಕಡೆ ಹಾಸಿಗೆ ಹಿಡಿದೋರನ್ನ ಮನೆ ಮನೆಗೆ ಹೋಗಿ ನೋಡ್ಕೊಳ್ಳೋ ಪದ್ಧತಿ ಇದೆ, ಪ್ಯಾಲಿಯೇಟಿವ್ ಅಂತಾರೆ. 1993ರಲ್ಲಿ ಕೋಳಿಕ್ಕೋಡಿನ ವೈದ್ಯರು ಶುರು ಮಾಡಿದ್ದು, ಆಮೇಲೆ ಊರೂರಿನ ಜನ ಕೈಗೆ ತಗೊಂಡ್ರು. ಅಂಗಡಿಯೋರು, ಕೂಲಿಯೋರು, ಬಸ್ಸಿನೋರು ಚಿಲ್ಲರೆ ಚಿಲ್ಲರೆ ಹಾಕಿದ ದುಡ್ಡಲ್ಲಿ ನರ್ಸಿಗೆ ಸಂಬಳ, ಓಡಾಡೋಕೆ ಗಾಡಿ. ಸ್ವಯಂಸೇವಕರು ಜೊತೆಗೆ ಹೋಗಿ ಕೂತು ಮಾತಾಡಿಸಿ, ಮನೆಯಲ್ಲಿ ಅಕ್ಕಿ ಇಲ್ಲ ಅಂದ್ರೆ ಅಕ್ಕಿಗೂ ವ್ಯವಸ್ಥೆ ಮಾಡ್ತಾರೆ. ಅಲ್ಲಿಯ ಸರ್ಕಾರ ಇದಕ್ಕೆ ನೀತಿ ಅಂತ ತಂದಿದ್ದು 2008ರಲ್ಲಿ, ಜನ ಮಾಡಿ ತೋರಿಸಿ ಎಷ್ಟೋ ವರ್ಷ ಆದ ಮೇಲೆ. ಅವರು ನಮಗಿಂತ ಒಳ್ಳೆಯವರು ಅಂತ ಹೇಳೋಕೆ ಇದನ್ನ ಬರೀತಿಲ್ಲ. ದಿನಾ ಬರೋ ಚಿಲ್ಲರೆ ದುಡ್ಡಿಗೆ ಒಂದು ಶಕ್ತಿ ಇದೆ: ಅದಕ್ಕೆ ಫಾರಂ ಇಲ್ಲ, ಮೂರನೇ ವರ್ಷದ ಪ್ರಶ್ನೆ ಇಲ್ಲ.

ನಮ್ಮಲ್ಲಿ ಚಿಲ್ಲರೆ ಇಲ್ವಾ? ಹೋದ ಜಾತ್ರೆಗೆ ಆರ್ಕೆಸ್ಟ್ರಾ ಒಂದಕ್ಕೇ ಎಷ್ಟು ಎತ್ತಿದ್ವಿ ಅಂತ ಇಲ್ಲಿ ಬರೆದ್ರೆ ಸಮಿತಿಯೋರು ನನ್ನ ಮೇಲೆ ಬರ್ತಾರೆ, ಬೇಡ. ನಾನೂ ಕೊಟ್ಟಿದ್ದೀನಿ, ಮುಂದೆ ಕೂತು ನೋಡಿದ್ದೀನಿ. ಡೇರಿಯ ವಾರ್ಷಿಕ ವರದಿ ಪುಸ್ತಕ ಮನೆಯಲ್ಲಿ ಇದ್ರೆ ಲಾಭ ವಿಂಗಡಣೆ ಪುಟ ತೆಗೀರಿ. ಬೋನಸ್ಸಿನ ಸಾಲು ಮಾತ್ರ ಓದಿ ಪುಸ್ತಕ ಮಡಿಸಬೇಡಿ. ನಮ್ಮ ಡೇರಿಯ ಪುಸ್ತಕದಲ್ಲಿ ಕೆಳಗೆ ಧರ್ಮದಾಯ ನಿಧಿ ಅಂತ ಒಂದು ಸಾಲಿದೆ. ಹೋದ ವರ್ಷ ಆ ದುಡ್ಡಲ್ಲಿ ಬಸ್ ಸ್ಟಾಪಿಗೆ ಎರಡು ಕಲ್ಲಿನ ಬೆಂಚು ಹಾಕಿದ್ರು, ಆಡಳಿತ ಮಂಡಳಿಯವರ ಹೆಸರು ಕೆತ್ತಿಸಿ. ಕಾರ್ಖಾನೆಯ ಕುರ್ಚಿಗೂ ನಮ್ಮ ಬೆಂಚಿಗೂ ಏನು ವ್ಯತ್ಯಾಸ? ನಮ್ಮದು ಕಲ್ಲು, ಅಷ್ಟೇ.

ನನ್ನ ಪ್ರಸ್ತಾಪ ಇದು. ನಮ್ಮ ಡೇರಿಗೆ ದಿನಕ್ಕೆ ಹತ್ತಿರ ಹತ್ತಿರ 900 ಲೀಟರ್ ಹಾಲು ಬರುತ್ತೆ. ಲೀಟರಿಗೆ 20 ಪೈಸೆ ಬಟವಾಡೆಯಲ್ಲಿ ಹಿಡ್ಕೊಂಡ್ರೆ ದಿನಕ್ಕೆ 180 ರೂಪಾಯಿ. ವರ್ಷಕ್ಕೆ 65,700. ಇಬ್ಬರ ಸಂಬಳಕ್ಕೆ ಬೇಕಾಗಿರೋದು 72,000. ಕಮ್ಮಿ ಬೀಳೋ 6,300 ಧರ್ಮದಾಯ ನಿಧಿಯಿಂದ. ಹತ್ತು ಲೀಟರ್ ಹಾಕೋನಿಗೆ ದಿನಕ್ಕೆ ಎರಡು ರೂಪಾಯಿ ಹೋಗುತ್ತೆ. ಫ್ಯಾಟ್ ಒಂದು ಪಾಯಿಂಟ್ ಆಚೀಚೆ ಆದ್ರೆ ಅದಕ್ಕಿಂತ ಜಾಸ್ತಿ ಹೋಗುತ್ತೆ, ಯಾರೂ ಸತ್ತಿಲ್ಲ. ಇಷ್ಟ ಇಲ್ಲದೋರು ಒಂದು ಚೀಟಿ ಬರೆದುಕೊಡಲಿ, ಅವರದು ಹಿಡಿಯೋದು ಬೇಡ. ಚೀಟಿ ಯಾರು ಕೊಟ್ರು ಅಂತ ಗೋಡೆಗೆ ಅಂಟಿಸೋದೂ ಬೇಡ.

ಯಾಕೆ ಡೇರಿನೇ ಅಂತ ಕೇಳಬಹುದು. ಡೇರಿ ಹತ್ರ ದಿನಕ್ಕೆ ಎರಡು ಸಾರಿ ಊರು ಸೇರುತ್ತೆ, ಜಾತಿ ನೋಡದೆ ಒಂದೇ ಕ್ಯಾನಿಗೆ ಹಾಲು ಸುರೀತೀವಿ. ಹಸು ಮಾರಿದೋರು, ಹಾಲು ನಿಲ್ಲಿಸಿದೋರು ಯಾರು ಅಂತ ಮೊದಲು ಗೊತ್ತಾಗೋದೂ ಅಲ್ಲೇ. ಅದಕ್ಕೇ ಇನ್ನೊಂದು ಸಣ್ಣ ಕೋರಿಕೆ ಸೇರಿಸಿದ್ದೀನಿ, ಇದಕ್ಕೆ ಪೈಸೆನೂ ಬೇಡ. ಅರವತ್ತೈದು ದಾಟಿದ ಸದಸ್ಯರು ಮೂರು ದಿನ ಸತತ ಹಾಲು ಹಾಕದೆ ಇದ್ರೆ ಟೆಸ್ಟರ್ ಹುಡುಗ ಸಂಘದ ಹೆಣ್ಣುಮಕ್ಕಳಿಗೆ ಒಂದು ಫೋನ್ ಮಾಡಬೇಕು. ಕಂಪ್ಯೂಟರಲ್ಲಿ ಹೆಸರು ಹೇಗೂ ಇರುತ್ತೆ.

ಹೊರಗಿನ ಅನುದಾನ ಬೇಡವೇ ಬೇಡ ಅಂತಲೂ ನಾನು ಹೇಳಲ್ಲ. ಗ್ಯಾಸು, ದಿನಸಿಗೆ ಇನ್ನೂ ತಿಂಗಳಿಗೆ 3,000 ಕಮ್ಮಿ ಇದೆ, ಅದಕ್ಕೆ ಮತ್ತೆ ಅರ್ಜಿ ಹಾಕ್ತೀವಿ. ಈ ಸಾರಿ ಒಂದೇ ಪುಟ, ಕನ್ನಡದಲ್ಲಿ. ಓದೋಕಾಗದೆ ಇದ್ರೆ ಅವರು ಯಾರ ಹತ್ರನಾದ್ರೂ ಓದಿಸ್ಕೊಳ್ಳಲಿ, ನಾವು ಹದಿನಾಲ್ಕು ಪುಟ ಓದಿಸ್ಕೊಂಡಿಲ್ವಾ. ಫೋಟೋ ಬೇಕು ಅಂದ್ರೆ ಪಾತ್ರೆಯದ್ದು ಕಳಿಸ್ತೀವಿ.

ಸಭೆ ಮುಂದಿನ ಗುರುವಾರ ಹನ್ನೊಂದಕ್ಕೆ, ಡೇರಿ ಮುಂದಿನ ಶಾಮಿಯಾನದಲ್ಲಿ. ಗೊತ್ತುವಳಿ ನಾನೇ ಬರೆದಿದ್ದೀನಿ, ಸೂಚಕರು ಅಂತ ನನ್ನ ಹೆಸರಿದೆ. ಅನುಮೋದಕರು ಒಬ್ಬರು ಬೇಕು. ಇಬ್ಬರನ್ನ ಕೇಳಿದೆ, "ನೋಡೋಣ" ಅಂದಿದ್ದಾರೆ, ಅಂದ್ರೆ ಏನು ಅಂತ ನಿಮಗೂ ಗೊತ್ತು. ಬೋನಸ್ ಘೋಷಣೆ ಆದ ತಕ್ಷಣ ಎದ್ದು ಊಟದ ಸಾಲಿಗೆ ಹೋಗಬೇಡಿ, ನಮ್ಮ ವಿಷಯ ಇತರೆ ವಿಷಯಗಳಲ್ಲಿ ಕೊನೆಗೆ ಬರುತ್ತೆ. ಅಕ್ಕಪಕ್ಕದ ಡೇರಿಯೋರು ನಿಮ್ಮ ಲೀಟರ್ ಲೆಕ್ಕ ಹಾಕಿ ನೋಡಿ, ಗೊತ್ತುವಳಿ ನಕಲು ಬೇಕಾದ್ರೆ ಕಳಿಸ್ತೀನಿ.

ಹುಳದ ಲೆಕ್ಕ ಭಾನುವಾರ ಹಾಕ್ತೀನಿ.